ಫಕೀರವ್ವನ ಜೀಪಿನ ತೋಳು

ಕಲ್ಲೇ ಕಲ್ಲಿನ ಒಂದು ಗುಡ್ಡ. ಗುಡ್ಡದ ತುದಿಗೆ ಒಂದು ಊರು. ಊರಲ್ಲಿ ಒಂದು ಕೂಸು. ಕೂಸು ಅಳುತ್ತಿತ್ತು.

ಯಾಕೆ ಅಳುತ್ತಿತ್ತು? ಅದರ ತೊಟ್ಟಿಲಿಗೆ ಗೆದ್ದಲು ಹಿಡಿದಿತ್ತು. ತೊಟ್ಟಿಲು ಪುಡಿಪುಡಿ ಆಗಿತ್ತು. ತೊಟ್ಟಿಲಲ್ಲಿ ತೂಗಿದರೆ ಮಾತ್ರ ಮಲಗುವ ಕೂಸು ಅದು. ಅವ್ವ ಎತ್ತಿಕೊಂಡರೂ ಮಲಗದು. ಅಜ್ಜ ಹೆಗಲ ಮೇಲೆ ಹೊತ್ತು ಕುಣಿದರೂ ಮಲಗದು. ಕೂಸು ಮಲಗದಿದ್ದರೆ ಊರೇ ಮಲಗದು. ಅಷ್ಟು ದೊಡ್ಡ ಗಂಟಲು.

ಗುಡ್ಡದ ಬುಡದಲ್ಲಿ ಪೇಟೆ. ಪೇಟೆಯ ಬಡಿಗೇರ ಹೊಸ ತೊಟ್ಟಿಲು ಮಾಡಿದ. ಆನೆ ಮಲಗಿಸಿ ತೂಗಬಹುದು, ಅಷ್ಟು ಗಟ್ಟಿ. ಆನೆಯೇ ಬಂದು ಹೊರಬೇಕು, ಅಷ್ಟು ಭಾರ. ಆನೆ ಎಲ್ಲಿಂದ ತರೋದು? ಫಕೀರವ್ವನ ಜೀಪು ಬಂತು.

ಆ ಕಲ್ಲಿನ ದಾರಿಯಲ್ಲಿ ಜೀಪು ಓಡಿಸುತ್ತಿದ್ದವಳು ಫಕೀರವ್ವ ಒಬ್ಬಳೇ. ತೊಟ್ಟಿಲನ್ನು ಹಿಂದೆ ಏರಿಸಿದಳು. ಹಗ್ಗ ಬಿಗಿದಳು. ಒಂದು ಕಲ್ಲು ಹತ್ತಿಸಿದಳು, ದಡ ದಡ. ಆ ಕಲ್ಲು ಇಳಿಸಿದಳು, ದಡ ದಡ. ಇನ್ನೊಂದು ಕಲ್ಲು ಹತ್ತಿಸಿದಳು.

ಕಟಕ್.

ಜೀಪು ನಿಂತಿತು. ಇಳಿದು ನೋಡಿದರೆ ಮುಂದಿನ ಒಂದು ಗಾಲಿ ಗುಡ್ಡ ನೋಡುತ್ತಿದೆ. ಇನ್ನೊಂದು ಗಾಲಿ ಪೇಟೆ ನೋಡುತ್ತಿದೆ.

ಫಕೀರವ್ವ ಜೀಪಿನ ಕೆಳಗೆ ತೂರಿದಳು. ಜೀಪಿಗೂ ಗಾಲಿಗೂ ನಡುವೆ ಒಂದು ಕಬ್ಬಿಣದ ತೋಳು ಇರುತ್ತದೆ. ಗಾಲಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದೇ ಅದರ ಕೆಲಸ. ಆ ತೋಳು ಮುರಿದು ಎರಡು ತುಂಡಾಗಿತ್ತು. ಫಕೀರವ್ವ ಗಾಲಿಗೆ ಕಲ್ಲು ಕೊಟ್ಟಳು. ಪಾನಾ ಹಾಕಿ ಬೋಲ್ಟು ಬಿಚ್ಚಿದಳು. ಒಂದು ತುಂಡು ಈ ಕಂಕುಳಲ್ಲಿ, ಒಂದು ತುಂಡು ಆ ಕಂಕುಳಲ್ಲಿ ಇಟ್ಟುಕೊಂಡು ಪೇಟೆಗೆ ಇಳಿದಳು.

ಗುಡ್ಡದ ಮೇಲಿಂದ ಕೂಸು, ಞೇ ಅಂದಿತು.

ಫಕೀರವ್ವ ವೆಲ್ಡಿಂಗ್ ಮಾಡುವ ಖಾಸಿಂಸಾಬನ ಹತ್ತಿರ ಹೋದಳು.

"ಖಾಸಿಂ ಚಾಚಾ, ತೋಳು ಬೆಸೆದು ಕೊಡು. ಜೀಪು ಓಡದು, ತೊಟ್ಟಿಲು ಬಾರದು, ಕೂಸು ಮಲಗದು."

ಖಾಸಿಂಸಾಬ ತುಂಡು ಎರಡೂ ತಿರುಗಿಸಿ ನೋಡಿ ವಾಪಸು ಕೊಟ್ಟ. ಬೆಸೆಯುವುದೇನು ಮಹಾ, ಅಂದ. ಆದರೆ ಕರೆಂಟು ಇಲ್ಲ. ಕರೆಂಟು ಇಲ್ಲದೆ ಕಿಡಿ ಇಲ್ಲ, ಕಿಡಿ ಇಲ್ಲದೆ ಬೆಸುಗೆ ಇಲ್ಲ, ನಾನು ಬೆಸೆಯೋದಿಲ್ಲ ಅಂದ. ಲೈನ್‌ಮನ್ನನ್ನು ಕೇಳು ಅಂದ.

ಮೇಲಿಂದ ಕೂಸು, ಞೇ ಅಂದಿತು.

ಫಕೀರವ್ವ ಲೈನ್‌ಮನ್ ಗವಿಯಪ್ಪನ ಹತ್ತಿರ ಹೋದಳು. ಕರೆಂಟು ಕಂಬದ ಮೇಲೆ ತಂತಿ ಕಡಿದಿತ್ತು, ಗವಿಯಪ್ಪ ಬುಡದಲ್ಲಿ ಕೂತಿದ್ದ.

"ಗವಿಯಪ್ಪಣ್ಣಾ, ಕಂಬ ಹತ್ತು. ಖಾಸಿಂಸಾಬ ಬೆಸೆಯನು, ಜೀಪು ಓಡದು, ತೊಟ್ಟಿಲು ಬಾರದು, ಕೂಸು ಮಲಗದು."

ಗವಿಯಪ್ಪ ತನ್ನ ಎರಡೂ ಕೈ ಎತ್ತಿ ತೋರಿಸಿದ. ಬರೀ ಕೈ. ರಬ್ಬರಿನ ಕೈಗವಸು ಮಂಗ ಎತ್ತಿಕೊಂಡು ಹೋಗಿದೆ, ಬರೀ ಕೈಯಲ್ಲಿ ಹತ್ತಿದರೆ ಹಪ್ಪಳ ಆಗಿ ಇಳೀತೀನಿ, ನಾನು ಹತ್ತೋದಿಲ್ಲ ಅಂದ. ಮಂಗನನ್ನು ಕೇಳು ಅಂದ.

ಮೇಲಿಂದ ಕೂಸು, ಞೇ ಞೇ ಅಂದಿತು.

ಫಕೀರವ್ವ ಮಂಗನ ಹತ್ತಿರ ಹೋದಳು. ಮಂಗ ಹುಣಸೆಮರದ ಕೊಂಬೆ ಮೇಲೆ ಕೂತಿತ್ತು. ಕೈಗವಸನ್ನು ಕಾಲಿಗೆ ಹಾಕಿಕೊಂಡು ಕಾಲು ಆಡಿಸುತ್ತಿತ್ತು.

"ಮಂಗಪ್ಪಾ, ಕೈಗವಸು ಕೊಡು. ಗವಿಯಪ್ಪ ಹತ್ತನು, ಖಾಸಿಂಸಾಬ ಬೆಸೆಯನು, ಜೀಪು ಓಡದು, ತೊಟ್ಟಿಲು ಬಾರದು, ಕೂಸು ಮಲಗದು."

ಮಂಗ ತಲೆ ಕೆರೆದುಕೊಂಡಿತು. ಕೊಡಬಹುದು, ಆದರೆ ಮಿರ್ಚಿ ಬೇಕು ಅಂದಿತು. ಬಾಳೆಹಣ್ಣು ಕೊಡಲಾ ಅಂದರೆ ಬೇಡ ಅಂದಿತು. ಶೇಂಗಾ ಕೊಡಲಾ ಅಂದರೆ ಬೇಡ ಅಂದಿತು. ಬಿಸಿ ಬಿಸಿ ಮಿರ್ಚಿ ಬಜಿಯೇ ಬೇಕು, ಅದೂ ಪಾರವ್ವನ ಅಂಗಡಿಯದೇ ಬೇಕು. ಇಲ್ಲಾಂದರೆ ಕೊಡೋದಿಲ್ಲ ಅಂದಿತು.

ಮೇಲಿಂದ ಕೂಸು, ಞೇ ಞೇ ಅಂದಿತು.

ಫಕೀರವ್ವ ಮಿರ್ಚಿ ಪಾರವ್ವನ ಹತ್ತಿರ ಹೋದಳು. ಪಾರವ್ವ ಅಂಗಡಿಯ ಹೊರಗೆ, ಬಿಸಿಲಲ್ಲಿ, ಸೆರಗು ತಲೆಗೆ ಹಾಕಿಕೊಂಡು ನಿಂತಿದ್ದಳು.

"ಪಾರಕ್ಕಾ, ಮಿರ್ಚಿ ಕರಿ. ಮಂಗ ಕೊಡದು, ಗವಿಯಪ್ಪ ಹತ್ತನು, ಖಾಸಿಂಸಾಬ ಬೆಸೆಯನು, ಜೀಪು ಓಡದು, ತೊಟ್ಟಿಲು ಬಾರದು, ಕೂಸು ಮಲಗದು."

ಪಾರವ್ವ ಬಾಗಿಲ ಕಡೆ ಕೈ ತೋರಿಸಿದಳು. ಬಾಗಿಲಿಗೆ ಅಡ್ಡ ಎಮ್ಮೆ ಮಲಗಿತ್ತು. ಪಾರವ್ವನದೇ ಎಮ್ಮೆ. ಎಣ್ಣೆ ಒಳಗೆ, ಕಡಲೆಹಿಟ್ಟು ಒಳಗೆ, ಒಲೆ ಒಳಗೆ, ಮೆಣಸಿನಕಾಯಿ ಒಳಗೆ. ನಾನೊಬ್ಬಳೇ ಹೊರಗೆ, ಹೆಂಗ ಕರೀಲಿ, ನಾನು ಕರಿಯೋದಿಲ್ಲ ಅಂದಳು ಪಾರವ್ವ. ನೀನೇ ಅದಕ್ಕ ಹೇಳವ್ವ, ನನ್ನ ಮಾತು ಅದು ಕೇಳೋದು ಬಿಟ್ಟದ ಅಂದಳು.

ಮೇಲಿಂದ ಕೂಸು, ಞೇ ಞೇ ಞೇ ಅಂದಿತು.

ಫಕೀರವ್ವ ಎಮ್ಮೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಎಮ್ಮೆಕ್ಕಾ, ಎದ್ದೇಳು. ಪಾರವ್ವ ಕರಿಯಳು, ಮಂಗ ಕೊಡದು, ಗವಿಯಪ್ಪ ಹತ್ತನು, ಖಾಸಿಂಸಾಬ ಬೆಸೆಯನು, ಜೀಪು ಓಡದು, ತೊಟ್ಟಿಲು ಬಾರದು, ಕೂಸು ಮಲಗದು."

ಎಮ್ಮೆ ಮೆಲುಕು ಹಾಕಿತು. ಬಹಳ ಹೊತ್ತು ಮೆಲುಕು ಹಾಕಿತು. ಆಮೇಲೆ ಹೇಳಿತು.

"ಬೆನ್ನು ತುರಿಸುತ್ತೆ. ಕೆರಿ. ಏಳ್ತೀನಿ."

ಇಷ್ಟೇನಾ ಅಂದಳು ಫಕೀರವ್ವ. ಕೈಯಿಂದ ಕೆರೆದಳು. ಎಮ್ಮೆ ಅಲ್ಲಲ್ಲ ಅಂದಿತು. ಪೊರಕೆಯಿಂದ ಕೆರೆದಳು. ಎಮ್ಮೆಗೆ ಕಚಗುಳಿ ಆಯಿತು, ಅಲ್ಲಲ್ಲ ಅಂದಿತು. ತೆಂಗಿನ ಚಿಪ್ಪಿನಿಂದ ಕೆರೆದಳು. ಎಮ್ಮೆಗೆ ಅದು ಗೊತ್ತೇ ಆಗಲಿಲ್ಲ. ಯಾವಾಗ ಕೆರೀತಿ ಅಂತ ಕೇಳಿತು.

ಫಕೀರವ್ವನಿಗೆ ಅಳು ಬಂತು. ಮೇಲೆ ಕೂಸು ಅಳುತ್ತಿದೆ, ಕೆಳಗೆ ನಾನೂ ಅಳಲೇನು ಅಂದುಕೊಂಡಳು. ಕಣ್ಣು ಒರೆಸಿಕೊಳ್ಳಲು ಕೈ ಮೇಲೆ ಎತ್ತಬೇಕಲ್ಲ? ಕಂಕುಳಲ್ಲಿದ್ದ ಕಬ್ಬಿಣದ ತುಂಡು ತೆಗೆದು ಎಮ್ಮೆಯ ಬೆನ್ನ ಮೇಲೆ ಇಟ್ಟಳು. ಮುರಿದ ತುದಿ ಬೆನ್ನಿಗೆ ತಾಗಿತು. ಮುರಿದ ತುದಿ ಗರಗಸದ ಹಾಗೆ ಇತ್ತು.

ಎಮ್ಮೆ ಕಣ್ಣು ಮುಚ್ಚಿತು. "ಹ್ಞಾಂ. ಅಲ್ಲೇ."

ಫಕೀರವ್ವ ಕಣ್ಣು ಒರೆಸುವುದು ಬಿಟ್ಟಳು. ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆರೆದಳು, ಕರಕರ. ಸ್ವಲ್ಪ ಮೇಲೆ ಅಂದಿತು ಎಮ್ಮೆ. ಕರಕರ. ಸ್ವಲ್ಪ ಎಡಕ್ಕೆ ಅಂದಿತು ಎಮ್ಮೆ. ಕರಕರ. ಎಮ್ಮೆಯ ಕಿವಿ ಜೋತುಬಿತ್ತು, ನಾಲಗೆ ಹೊರಗೆ ಬಂತು, ಬಾಲ ತನ್ನಷ್ಟಕ್ಕೆ ತಾನೇ ಕುಣಿಯಿತು.

ಎಮ್ಮೆ ಎದ್ದಿತು. ಮೈ ಕೊಡವಿತು. ಕೊಟ್ಟ ಮಾತಿನಂತೆ ಬಾಗಿಲು ಬಿಟ್ಟು ಹೊರಗೆ ನಡೆಯಿತು.

ಎಮ್ಮೆ ಎದ್ದಿತು, ಪಾರವ್ವ ಒಳಗೆ ಓಡಿದಳು. ಒಲೆ ಹಚ್ಚಿದಳು, ಹಿಟ್ಟು ಕಲಸಿದಳು, ಮೆಣಸಿನಕಾಯಿ ಅದ್ದಿದಳು, ಚುರ್ ಅಂತ ಎಣ್ಣೆಗೆ ಬಿಟ್ಟಳು.

ಪಾರವ್ವ ಕರಿದಳು, ಮಂಗ ತಿಂದಿತು. ಅಯ್ಯೋ, ಖಾರ. ಮಂಗನ ಮೂಗು ಕೆಂಪಾಯಿತು. ಹಿಂದಿನ ಮೈ ಮೊದಲೇ ಕೆಂಪಿತ್ತು. ನಾಲಗೆಗೆ ಗಾಳಿ ಹಾಕಲು ಎರಡು ಕೈ ಸಾಲಲಿಲ್ಲ, ಕಾಲೂ ಬೇಕಾಯಿತು. ಕೈಗವಸು ಕಿತ್ತು ಎಸೆದು, ನಾಲ್ಕರಿಂದಲೂ ಗಾಳಿ ಹಾಕಿಕೊಂಡಿತು. ಆಮೇಲೆ ಇನ್ನೊಂದು ಮಿರ್ಚಿ ಕೇಳಿತು.

ಮಂಗ ಕೊಟ್ಟಿತು, ಗವಿಯಪ್ಪ ಹತ್ತಿದ. ಕೈಗವಸಿಗೆ ಮಂಗನ ಕಾಲಿನ ವಾಸನೆ. ಮೂಗು ಮುಚ್ಚಿಕೊಳ್ಳೋಣ ಅಂದರೆ ಕೈ ಬಿಡೋ ಹಾಗಿಲ್ಲ. ಉಸಿರು ಬಿಗಿಹಿಡಿದೇ ಹತ್ತಿದ, ಉಸಿರು ಬಿಗಿಹಿಡಿದೇ ತಂತಿ ಕೂಡಿಸಿದ, ಇಳಿದ ಮೇಲೆ ಉಸಿರು ಬಿಟ್ಟ. ಕರೆಂಟು ಬಂತು.

ಗವಿಯಪ್ಪ ಹತ್ತಿದ, ಖಾಸಿಂಸಾಬ ಬೆಸೆದ. ಮುಖಕ್ಕೆ ಕಪ್ಪು ಗಾಜು ಹಿಡಿದು, ತುಂಡಿಗೆ ತುಂಡು ಕೂಡಿಸಿ, ಚರಚರ ಕಿಡಿ ಹಾರಿಸಿದ. ತುಂಡಿನ ತುದಿಗೆ ಎಮ್ಮೆಯ ಕೂದಲು ಹೇಗೆ ಬಂತು ಅಂತ ಕೇಳಿದ. ಆಮೇಲೆ ಹೇಳ್ತೀನಿ ಚಾಚಾ ಅಂದಳು ಫಕೀರವ್ವ.

ಖಾಸಿಂಸಾಬ ಬೆಸೆದ, ಫಕೀರವ್ವ ಗುಡ್ಡಕ್ಕೆ ಓಡಿದಳು. ಜೀಪಿನ ಕೆಳಗೆ ತೂರಿದಳು, ತೋಳು ಕೂಡಿಸಿದಳು, ಬೋಲ್ಟು ಬಿಗಿದಳು. ಎರಡೂ ಗಾಲಿ ಗುಡ್ಡ ನೋಡಿದವು.

ಜೀಪು ಓಡಿತು, ದಡ ದಡ. ತೊಟ್ಟಿಲು ಬಂದಿತು, ದಡ ದಡ. ಅವ್ವ ಕೂಸನ್ನು ತೊಟ್ಟಿಲಲ್ಲಿ ಹಾಕಿದಳು. ಫಕೀರವ್ವ ತೂಗಿದಳು.

ಎಮ್ಮೆ ಎದ್ದಿತು, ಪಾರವ್ವ ಕರಿದಳು, ಮಂಗ ಕೊಟ್ಟಿತು, ಗವಿಯಪ್ಪ ಹತ್ತಿದ, ಖಾಸಿಂಸಾಬ ಬೆಸೆದ, ಜೀಪು ಓಡಿತು, ತೊಟ್ಟಿಲು ಬಂದಿತು, ಕೂಸು ಮಲಗಿತು.

ಕೂಸು ಮಲಗಿತು ಅಂತ ಅವ್ವ ಮಲಗಿದಳು. ಅವ್ವ ಮಲಗಿದಳು ಅಂತ ಅಜ್ಜ ಮಲಗಿದ. ಅಜ್ಜ ಮಲಗಿದ ಅಂತ ನಾಯಿ ಮಲಗಿತು, ಕೋಳಿ ಮಲಗಿತು, ಊರೇ ಮಲಗಿತು. ಫಕೀರವ್ವ ಜೀಪಿನಲ್ಲೇ ಕಾಲು ಚಾಚಿ ಗೊರಕೆ ಹೊಡೆದಳು.

ಆಗ ಕೂಸು ಎದ್ದಿತು. ಆ ಕಡೆ ನೋಡಿತು, ಎಲ್ಲಾ ನಿದ್ದೆ. ಈ ಕಡೆ ನೋಡಿತು, ಎಲ್ಲಾ ನಿದ್ದೆ. ಅಳಲಿಲ್ಲ. ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ಇಟ್ಟುಕೊಂಡು ತಾನೊಂದೇ ನಕ್ಕಿತು.

ಆಮೇಲೆ ಏನಾಯಿತೋ, ನೋಡಿ ಹೇಳೋಕೆ ಎಚ್ಚರ ಇದ್ದವರು ಯಾರೂ ಇರಲಿಲ್ಲ.