ಶೆಡ್ಡಿನಲ್ಲಿ ನಿಂತ ಕಾರು

"ಗುರುಗಳೇ, ನನ್ನ ಸಿಟ್ಟೇ ಇನ್ನೂ ಹೋಗಿಲ್ಲ. ನಾನು ಯಾರಿಗೆ ಪಾಠ ಹೇಳಲಿ?" ಎಂದು ಶಿಷ್ಯ ಚನ್ನಮಲ್ಲ ಕೇಳಿದ.

ಹೊಳೆಯಾಚೆಯ ಊರಿನವರು, ಬಂದು ನಮ್ಮ ಮಕ್ಕಳಿಗೆ ನಾಲ್ಕಕ್ಷರ ಕಲಿಸಿ ಎಂದು ಅವನನ್ನು ಕರೆದು ಏಳು ವರ್ಷವಾಗಿದ್ದರೂ ಅವನು ಇನ್ನೂ ಹೋಗಿರಲಿಲ್ಲ. ಸಿಟ್ಟನ್ನು ಹತ್ತಿಕ್ಕಿದರೆ ಅಸೂಯೆ ತಲೆಯೆತ್ತುತ್ತದೆ, ಅದನ್ನು ತಿದ್ದಿಕೊಳ್ಳುವಷ್ಟರಲ್ಲಿ ಆಲಸ್ಯ ಹಿಡಿಯುತ್ತದೆ, ತನಗೆ ತನ್ನ ಮೇಲೇ ಬೇಸರ ಬಂದುಹೋಗಿದೆ ಎಂದು ಅವನು ಹೇಳಿಕೊಂಡ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಹಂಚಿನ ವ್ಯಾಪಾರಿ ಇದ್ದ. ನಡುವಯಸ್ಸಿನಲ್ಲಿ ಅವನು ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡ. ಅದಕ್ಕೆ ಎರಡೇ ಸೀಟು. ನೆಲಕ್ಕೆ ತಾಗುವಷ್ಟು ತಗ್ಗು. ಇದರಲ್ಲೇ ನಿನ್ನನ್ನು ತವರಿಗೆ ಕರೆದೊಯ್ಯುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟ. ಅವಳು ತಾಯಿಗೆ ಸುದ್ದಿ ಮುಟ್ಟಿಸಿದಳು. ಮುದುಕಿ ದಾರಿ ಕಾಯತೊಡಗಿದಳು.

ಕಾರಿನ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದೊಂದನ್ನು ಸರಿಮಾಡಿ ಹೊರಡೋಣ ಎಂದುಕೊಂಡ. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಕಾರನ್ನು ಜಾಕ್ ಕೊಟ್ಟು ಎತ್ತಿ, ಅಡಿಯಲ್ಲಿ ಅಂಗಾತ ಮಲಗಿ, ಎಂಜಿನ್ನಿನ ಎಣ್ಣೆ ತಡೆಯುವ ರಬ್ಬರು ಬಳೆಯನ್ನು, ಆಯಿಲ್ ಸೀಲನ್ನು, ಬದಲಿಸಿದ. ಅಂಗಡಿಯ ಬಿಡುವಿನಲ್ಲಿ ಮಾಡಿದ ಆ ಕೆಲಸಕ್ಕೆ ತಿಂಗಳುಗಳೇ ಹಿಡಿದವು, ಎಣ್ಣೆ ನಿಂತಿತು. ಅಷ್ಟರಲ್ಲಿ ಬ್ರೇಕ್ ಕಚ್ಚಿಕೊಂಡಿತು. ಬ್ರೇಕ್ ಬಿಡಿಸುವಷ್ಟರಲ್ಲಿ ಬ್ಯಾಟರಿ ಇಳಿದುಹೋಗಿತ್ತು. ಹೊಸ ಬ್ಯಾಟರಿ ತಂದು ಹಾಕಿದರೆ ಎಂಜಿನ್ನಿಗೆ ಪೆಟ್ರೋಲು ಹಾಯಿಸುವ ಕಾರ್ಬ್ಯುರೇಟರ್ ಕಟ್ಟಿಕೊಂಡು ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅದನ್ನೂ ಕಳಚಿ, ತೊಳೆದು, ಕೂರಿಸಿದ. ಆ ದಿನ ಕೆಳಗೆ ಬಗ್ಗಿ ನೋಡಿದರೆ ಮತ್ತೆ ಎಣ್ಣೆ.

ವ್ಯಾಪಾರಿಗೆ ತಲೆ ಚಿಟ್ಟು ಹಿಡಿಯಿತು. ಅಂಗಡಿಯಲ್ಲಿ ಕೂತರೂ ಮನಸ್ಸು ಶೆಡ್ಡಿನಲ್ಲೇ ಇರುತ್ತಿತ್ತು. ಹಂಚು ಕೇಳಲು ಬಂದವರ ಮೇಲೆ ಹರಿಹಾಯ್ದ. ಊಟಕ್ಕೆ ಕರೆದ ಹೆಂಡತಿಯ ಮೇಲೆ ರೇಗಿದ. ಎಣ್ಣೆ ಸೋರಿದರೆ ಸೋರಲಿ, ಒಮ್ಮೆ ಹೋಗಿಬರೋಣ ಎಂದು ಅವಳು ಹೇಳಿ ನೋಡಿದಳು. ಅರೆಬರೆ ಗಾಡಿಯಲ್ಲಿ ಅತ್ತೆಯ ಬಾಗಿಲಿಗೆ ಹೋಗಿ ನಗೆಪಾಟಲಾಗಲೇ ಎಂದು ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ತಾಯಿಯನ್ನು ನೋಡಬೇಕೆನಿಸಿದಾಗ ಬಸ್ಸು ಹತ್ತಿದಳು.

ಮೂರನೆಯ ವರ್ಷ ಮುದುಕಿ ತೀರಿಕೊಂಡಳು. ಗಂಡಹೆಂಡತಿ ಬಸ್ಸಿನಲ್ಲೇ ಹೋಗಿ ಮಣ್ಣು ಮಾಡಿ ಬಂದರು.

ಮರುದಿನ ಅವನು ಶೆಡ್ಡಿಗೆ ಹೋದ. ನೆಲದ ಮೇಲೆ ಅಂಗೈಯಗಲ ಎಣ್ಣೆ ಹರಡಿತ್ತು. ಇನ್ನು ತನ್ನ ಕೈಲಾಗದು ಎಂದುಕೊಂಡ. ಊರಿನ ವಯಸ್ಸಾದ ಮೆಕ್ಯಾನಿಕ್ ಒಬ್ಬನನ್ನು ಕರೆಸಿದ. ಮೆಕ್ಯಾನಿಕ್ ಕಾರಿನ ಸುತ್ತ ಒಮ್ಮೆ ಬಂದ. ಬ್ರೇಕ್ ಒತ್ತಿ ನೋಡಿದ. ಬಾನೆಟ್ಟನ್ನು ಎತ್ತಲೇ ಇಲ್ಲ.

"ಯಜಮಾನರೇ, ಇದನ್ನು ರಸ್ತೆಗೆ ಇಳಿಸಿ ಎಷ್ಟು ದಿನವಾಯಿತು?" ಎಂದು ಕೇಳಿದ.

"ರಿಪೇರಿ ಮುಗಿಯದೆ ಹೇಗೆ ಇಳಿಸಲಿ?" ಎಂದ ವ್ಯಾಪಾರಿ.

"ನಿಂತ ಗಾಡಿಯ ರಬ್ಬರು ಒಣಗಿ ಬಿರಿಯುತ್ತದೆ. ಬ್ರೇಕಿಗೆ ತುಕ್ಕು ಹತ್ತುತ್ತದೆ, ಪೆಟ್ರೋಲು ಅಂಟಾಗುತ್ತದೆ. ನೀವು ಒಂದು ಕಡೆ ಸರಿಮಾಡುತ್ತಿದ್ದಿರಿ, ಅದು ನಿಂತೂ ನಿಂತೂ ಇನ್ನೊಂದು ಕಡೆ ಕೆಡುತ್ತಿತ್ತು. ಈಗ ಬ್ರೇಕ್ ಹಿಡಿಯುತ್ತದೆ, ಅಷ್ಟು ಸಾಕು. ಒಂದು ಡಬ್ಬಿ ಎಣ್ಣೆ ಜೊತೆಗಿಟ್ಟುಕೊಂಡು ಹೊರಡಿ."

ವ್ಯಾಪಾರಿ ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಎಣ್ಣೆ ಸುರಿದ. ಮಧ್ಯಾಹ್ನದ ಹೊತ್ತಿಗೆ ಕಾರು ಅವಳ ತವರಿನ ಬಾಗಿಲಲ್ಲಿ ನಿಂತಿತು. ಬಾಗಿಲಿಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯಾಕೆ ಹೊರಗೆ ಬಂದು, ನಿಮ್ಮಮ್ಮ ಹೇಳುತ್ತಿದ್ದ ಕಾರು ಇದೇನಾ ಎಂದು ಕೇಳಿದಳು. ಹೆಂಡತಿ ಹೌದೆಂದಳು. ಕಾರಿನಿಂದ ಇಳಿಯಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚನ್ನಮಲ್ಲ, ಆಮೇಲಾದರೂ ಎಣ್ಣೆ ಸೋರುವುದು ನಿಂತಿತೇ ಎಂದು ಕೇಳಿದ.

ಗುರುಗಳು ನಿಟ್ಟುಸಿರಿಟ್ಟರು.

"ನೀನು ಪಾಠ ಹೇಳಬೇಕಿದ್ದ ಮಕ್ಕಳಿಗೆ ಈಗ ಮೀಸೆ ಬಂದಿದೆ, ಚನ್ನಮಲ್ಲ."