ಹಾಳೆ ಕೀಳದ ಟೀವಿ

ನಿವೃತ್ತ ಸೂಪರಿಂಟೆಂಡೆಂಟ್ ಗವಿರಂಗಯ್ಯನವರು ಅಂದೂ ಟೀವಿ ಅಂಗಡಿಗೆ ಬಂದರು. ಸಾದಾ ಎಲ್‌ಇಡಿ, ಅದಕ್ಕಿಂತ ದುಬಾರಿಯ ಕ್ಯೂಎಲ್‌ಇಡಿ, ಎಲ್ಲಕ್ಕಿಂತ ದುಬಾರಿಯ ಓಎಲ್‌ಇಡಿ ಮೂರನ್ನೂ ಮತ್ತೆ ಹಾಕಿಸಿದರು.

"ಅತ್ಯುತ್ತಮ ಯಾವುದು? ಒಂದೇ ಮಾತಲ್ಲಿ ಹೇಳಮ್ಮ. ಇಲ್ಲದಿದ್ದರೆ ಎದುರು ಅಂಗಡಿಗೆ ಹೋಗ್ತೀನಿ."

"ಅವರು ಹೋದರೆ ಹಿಂದೆಯೇ ನೀನೂ ಹೋಗು, ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದು ಮಾಲೀಕ ಮಾರಾಟದವಳ ಕಿವಿಯಲ್ಲಿ ಹೇಳಿದ.

ಆಕೆ ಗವಿರಂಗಯ್ಯನವರ ಮೊಬೈಲು ನೋಡಿದಳು. ಕೊಂಡಾಗಿನ ಪ್ಲಾಸ್ಟಿಕ್ ಹಾಳೆ ಗುಳ್ಳೆ ಎದ್ದರೂ ಅದರ ಮೇಲೆ ಹಾಗೇ ಇತ್ತು.

"ಸಾರ್, ಟೀವಿ ಪರದೆ ಮೇಲಿನ ಹಾಳೆ ಮನೇಲಿ ಕೀಳ್ತೀರಾ?"

"ಕೀಳೋದೇ? ಧೂಳು ಕೂರಲ್ವೇನಮ್ಮ? ನಮ್ಮ ಫ್ರಿಜ್ಜಿಂದೇ ಇನ್ನೂ ಕಿತ್ತಿಲ್ಲ."

ಆಕೆ ಒಳಗಿನಿಂದ ಹಾಳೆ ತಂದು ಮೂರಕ್ಕೂ ಹೊದಿಸಿದಳು. ಓಎಲ್‌ಇಡಿಯ ಕಡುಗಪ್ಪು ಬೂದಿಯಾಯಿತು. ಕ್ಯೂಎಲ್‌ಇಡಿಯ ಹೂಗಳು ಬಾಡಿದವು. ಸಾದಾ ಎಲ್‌ಇಡಿ ಮೊದಲಿನಿಂದಲೂ ಹಾಗೇ ಮಂಕಾಗಿತ್ತು.

ಗವಿರಂಗಯ್ಯನವರು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಮುಖ ಅರಳಿತು.

"ಅಲ್ಲಮ್ಮ, ಮೂರೂ ಒಂದೇ. ಇದನ್ನ ಮೊದಲೇ ಹೇಳಬಾರದಿತ್ತೇ?"

ಸಾದಾ ಎಲ್‌ಇಡಿಯನ್ನೇ ಕಟ್ಟಿಸಿಕೊಂಡು, ಹಾಳೆ ಹರಿಯದಂತೆ ಹಿಡಿದುಕೊಂಡು ಹೊರಟರು.

ಈಗ ಟೀವಿ ಕೊಳ್ಳುವವರಿಗೆಲ್ಲ ಅವರದೇ ಸಲಹೆ: "ಬರೀ ಪರದೆ ನೋಡಿ ಮೋಸ ಹೋಗಬೇಡಿ. ಹಾಳೆ ಹಾಕಿಸಿ ನೋಡಿ, ಆಗ ನಿಜವಾದ ಬಣ್ಣ ತಿಳಿಯುತ್ತೆ."