ಜುಮ್ಮಿನ ಪೆಟ್ಟಿಗೆ ಮತ್ತು ಗೇಟಿನ ಸಾಬಣ್ಣ

ಸುಣ್ಣಗಡ್ಡಿ ಅಂತ ಒಂದು ಊರು. ಊರಿಗೊಂದು ಸುಣ್ಣದಕಲ್ಲಿನ ಗಣಿ, ಗಣಿಗೊಂದು ರೈಲುಹಳಿ, ಹಳಿಗೊಂದು ಗೇಟು, ಗೇಟಿಗೊಬ್ಬ ಸಾಬಣ್ಣ. ಸಾಬಣ್ಣನಿಗೊಬ್ಬಳು ತಾಯಿ, ಲಚಮವ್ವ. ಮಗ ಮಾಡಿದ್ದನ್ನು ನೋಡಿ ನೋಡಿ ಬಡಿದುಕೊಂಡೇ ಆಕೆಯ ಹಣೆ ಚಪ್ಪಟೆಯಾಗಿದೆ ಎಂದು ಊರವರು ನಗುತ್ತಿದ್ದರು.

ಸಾಬಣ್ಣ ಕೆಟ್ಟವನಲ್ಲ, ಸೋಮಾರಿಯಲ್ಲ, ಹೇಳಿದ ಮಾತು ಮೀರುವವನೂ ಅಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. ಚಿಕ್ಕವನಿದ್ದಾಗ ಒಮ್ಮೆ ಲಚಮವ್ವ, ನಾಯಿ ಬಂದೀತು, ರೊಟ್ಟಿ ಬುಟ್ಟಿ ಕಾಯುತ್ತಿರು ಎಂದು ಹೇಳಿ ಹೊರಗೆ ಹೋದಳು. ಬರುವಷ್ಟರಲ್ಲಿ ಬುಟ್ಟಿ ಖಾಲಿ. ಪಕ್ಕದಲ್ಲೇ ಕೋಲು ಹಿಡಿದು ಕೂತಿದ್ದ ಮಗನನ್ನು ಕೇಳಿದರೆ, "ನಾಯಿ ಬರಲೇ ಇಲ್ಲವ್ವ, ಬೆಕ್ಕು ಬಂದಿತ್ತು" ಎಂದ.

ಇಂಥವನ ಕೈಗೆ ಗೇಟು ಕೊಟ್ಟರೇ ಎಂದು ನೀವು ಕೇಳಬಹುದು. ಕೊಟ್ಟರು, ಹನ್ನೊಂದು ವರ್ಷದಲ್ಲಿ ಒಂದು ತಪ್ಪಿಲ್ಲ. ಹಳೆಯ ಗೇಟಿನವನು ಕೆಲಸ ಬಿಡುವಾಗ ಅವನಿಗೆ ಮೂರೇ ಮಾತು ಹೇಳಿದ್ದ. ಗಂಟೆ ಬಾರಿಸಿದರೆ ಮುಚ್ಚು. ರೈಲಿನ ಕೊನೆಗಿರುವ ಗಾರ್ಡಿನ ಡಬ್ಬಿ ದಾಟಿದರೆ ತೆರೆ. ನಡುವೆ ಯಾರು ಏನೇ ಅಂದರೂ ಕೇಳಬೇಡ. ಗಣಿಯ ಮ್ಯಾನೇಜರು ಒಮ್ಮೆ ಜೀಪಿನಲ್ಲಿ ಕೂತು ಹಾರ್ನ್ ಒತ್ತಿದ, ಬೈದ, ಕೊನೆಗೆ ಕೈಯನ್ನೂ ಮುಗಿದ. ಸಾಬಣ್ಣ ಕೆಂಪು ಬಾವುಟ ಹಿಡಿದು ಹಳಿಯನ್ನೇ ನೋಡುತ್ತ ನಿಂತಿದ್ದ.

ಅವನ ಹೆಂಡತಿ ಮಹಾನಂದಾ. ತಾಯಿಯಿಲ್ಲದ ಹುಡುಗಿ, ಚೊಚ್ಚಲು ಬಸುರಿಗೆ ಹೋಗಲು ತವರಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಅಕ್ಕನ ಹೆರಿಗೆಯ ಹೊತ್ತಿಗೆ ಬಾಗಿಲ ಹಿಂದೆ ನಿಂತು ಎರಡು ದಿನ ಆ ಕೂಗು ಕೇಳಿದ್ದಳು. ಅಂದಿನಿಂದ ಯಾರಾದರೂ ಹೆರಿಗೆ ಎಂದರೆ ಆಕೆಯ ಅಂಗೈ ತಣ್ಣಗಾಗುತ್ತಿತ್ತು. ತಿಂಗಳು ತುಂಬುತ್ತ ಬಂದ ಹಾಗೆ ಊಟ ಸೇರದಾಯಿತು. ಒಂದು ಮಧ್ಯಾಹ್ನ ಜೋಳದಲ್ಲಿ ಕಲ್ಲು ಆರಿಸುತ್ತ ಕೂತವಳು ತಲೆ ಎತ್ತದೆ ಹೇಳಿದಳು:

"ಅತ್ತೀ, ಬ್ಯಾನಿಗೆ ಅಲ್ಲ, ಅಂಜಿಕೀಗೇ ನಾ ಸಾಯ್ತೀನಿ ಅನಸ್ತದ."

ಸಾಬಣ್ಣನನ್ನು ಹೆರುವಾಗ ಲಚಮವ್ವನೂ ಮೂರು ದಿನ ಬೇನೆ ತಿಂದಿದ್ದಳು. ಕೈ ಹಿಡಿಯುವವರು ಯಾರೂ ಇರಲಿಲ್ಲ. ಮರುದಿನವೇ ಪೇಟೆಯ ಹೆರಿಗೆ ಮನೆಗೆ ಹೋಗಿ ಎಸ್ತರ್ ಸಿಸ್ಟರನ್ನು ಕಂಡಳು. ಈ ಹುಡುಗಿಗೆ ಏನಾದರೂ ಮಾಡು ತಾಯಿ ಎಂದಳು.

ಎಸ್ತರ್ ಸಿಸ್ಟರ್ ಒಂದು ಸಣ್ಣ ಪೆಟ್ಟಿಗೆ ತೆಗೆದು ತೋರಿಸಿದಳು. ಟೆನ್ಸ್ ಮಷೀನ್ ಅಂತ ಹೆಸರು. ನಾಲ್ಕು ತಂತಿ, ತಂತಿಯ ತುದಿಗೆ ನಾಲ್ಕು ಅಂಟುಪಟ್ಟಿ. ಪಟ್ಟಿಗಳನ್ನು ಬೆನ್ನಿಗೆ ಅಂಟಿಸಬೇಕು, ಮೈ ಜುಮ್ಮೆನ್ನುತ್ತದೆ. ನೋವು ಏರಿದಾಗ ಗುಂಡಿ ಒತ್ತಿದರೆ ಜುಮ್ಮು ಏರುತ್ತದೆ, ನೋವು ಇಳಿದಾಗ ಬಿಡಬೇಕು. ಸೂಜಿಯಿಲ್ಲ, ಔಷಧಿಯಿಲ್ಲ. ನೋವು ಪೂರ್ತಿ ಹೋಗುವುದಿಲ್ಲ ಲಚಮವ್ವ, ಯಾರೋ ಅದನ್ನು ಒಂದು ಮೊಳ ಆಚೆಗೆ ಸರಿಸಿದ ಹಾಗಾಗುತ್ತದೆ ಅಷ್ಟೆ ಎಂದಳು. ಆ ಒಂದು ಮೊಳವೇ ಸಾಕು ಎಂದಳು ಲಚಮವ್ವ.

ಗುಂಡಿ ಒತ್ತುವವರು ಯಾರು? ಹೆರುವವಳೇ ಒತ್ತಿಕೊಳ್ಳುವುದು ವಾಡಿಕೆ. ಮಹಾನಂದಾ ಮಾತ್ರ, ಆ ಹೊತ್ತಿಗೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ, ಕಿತ್ತು ಎಸೆದೇನು ಎಂದಳು. ಲಚಮವ್ವ ಒತ್ತೋಣವೆಂದರೆ, ಇಪ್ಪತ್ತು ವರ್ಷ ಹಾಸುಗಲ್ಲು ಉಜ್ಜಿ ಆಕೆಯ ಹೆಬ್ಬೆರಳು ಬಾಗಿ ಮರಗಟ್ಟಿತ್ತು, ಗುಂಡಿ ಇರುವುದೇ ತಿಳಿಯುತ್ತಿರಲಿಲ್ಲ. ಹೆರಿಗೆ ಕೋಣೆಯ ಒಳಗೆ ಬಿಡುವುದು ಒಬ್ಬರನ್ನೇ. ಉಳಿದವನು ಸಾಬಣ್ಣ. ಲಚಮವ್ವನ ಕೈ ತಾನಾಗಿಯೇ ಹಣೆಗೆ ಹೋಯಿತು.

ಕಲಿತು ಬರಲಿ ಎಂದು ಯಂತ್ರ ತರಲು ಅವನನ್ನೇ ಕಳಿಸಿದಳು. ಎಸ್ತರ್ ಸಿಸ್ಟರ್ ಗುಂಡಿ ತೋರಿಸಿದಳು, ಪಟ್ಟಿ ತೋರಿಸಿದಳು, ಬೆನ್ನಿನ ಮೇಲೆ ಅಂಟಿಸುವ ಜಾಗ ತೋರಿಸಿದಳು. ಕೊನೆಗೆ, ನಾಜೂಕಿನದಪ್ಪ, ಹಸುಗೂಸಿನ ಹಾಗೆ ನೋಡಿಕೋ ಎಂದಳು. ಸಾಬಣ್ಣ ಅದನ್ನು ಹೆಗಲ ವಸ್ತ್ರದಲ್ಲಿ ಸುತ್ತಿ ಎದೆಗವಚಿಕೊಂಡ. ಮೂರು ಗಾಲಿಯ ಟಂಟಂ ಗಾಡಿ ಕುಲುಕೀತೆಂದು ಆರು ಮೈಲಿ ನಡೆದೇ ಬಂದ, ಬಿಸಿಲು ತಾಕದ ಹಾಗೆ ಕೈ ಅಡ್ಡ ಹಿಡಿದುಕೊಂಡು.

ಲಚಮವ್ವ ಹಿಟ್ಟಿನ ಗಿರಣಿಯಿಂದ ಮರಳಿದಾಗ ಯಂತ್ರ ಮೊರದಲ್ಲಿ ಮಲಗಿತ್ತು. ಮೈಗೆಲ್ಲ ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಲೋಬಾನದ ಹೊಗೆ ಹಾಕಿ, ದೃಷ್ಟಿಯಾಗದ ಹಾಗೆ ಕಾಡಿಗೆಯ ಬೊಟ್ಟು ಇಟ್ಟಿದ್ದ. ನಾಲ್ಕು ತಂತಿಗಳನ್ನೂ ಕೈಕಾಲೆಂದು ನೀವಿ ನೀವಿ ನೆಟ್ಟಗೆ ಮಾಡಿದ್ದ.

"ಒಂದು ಸಲನೂ ಅಳಲಿಲ್ಲವ್ವ, ಬಂಗಾರದಂಥಾ ಕೂಸು" ಎಂದ.

ಗುಂಡಿ ಒತ್ತಿದರೆ ಜುಮ್ಮೂ ಇಲ್ಲ, ಗಿಮ್ಮೂ ಇಲ್ಲ. ಲಚಮವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಗನನ್ನೂ ಎಳೆದುಕೊಂಡು ಪೇಟೆಗೆ ಹೋದಳು. ಎಸ್ತರ್ ಸಿಸ್ಟರ್ ಮೊದಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಆಮೇಲೆ ಬೈದಳು. ಇದ್ದ ಇನ್ನೊಂದು ಯಂತ್ರ ಕೊಟ್ಟು, ನೀರು ಇದಕ್ಕೆ ಯಮ, ಇದು ಇರುವ ಮನೆಯಲ್ಲಿ ನೀರು ಸುಳಿಯಬಾರದು, ನೆನಪಿಟ್ಟುಕೋ ಎಂದಳು.

ನೆನಪಿಟ್ಟುಕೊಂಡ. ಸುಣ್ಣಗಡ್ಡಿಯಲ್ಲಿ ನಲ್ಲಿಗೆ ನೀರು ಬರುವುದು ಎರಡು ದಿನಕ್ಕೊಮ್ಮೆ. ಮನೆ ತಲುಪಿದವನೇ ಯಂತ್ರವನ್ನು ಗೂಡಿನಲ್ಲಿಟ್ಟು, ಎರಡು ಕೊಡ, ಒಂದು ಹರವಿ, ದೇವರ ಮುಂದಿನ ತಂಬಿಗೆ, ಹೆಂಡತಿಯ ತಲೆದೆಸೆಯ ಲೋಟ ಎಲ್ಲವನ್ನೂ ಹೊರಗೆ ಚೆಲ್ಲಿ, ಪಾತ್ರೆಗಳ ಒಳಗನ್ನೂ ಬಟ್ಟೆಯಿಂದ ಒರೆಸಿಟ್ಟ. ತುಂಬಿದ ಬಸುರಿ ಮಹಾನಂದಾ ಪಕ್ಕದ ಮನೆಯ ಖಾಜಾಬಿಯ ಬೇವಿನ ಮರದಡಿ ಕೂತು ಆಕೆಯ ಗಡಿಗೆಯ ನೀರು ಕುಡಿಯಬೇಕಾಯಿತು. ಖಾಜಾಬಿ, ನಿನ್ನ ಗಂಡನಿಗೆ ಹೇಳು, ನಾಳೆ ಮಳೆ ಬಂದರೆ ಆಕಾಶಕ್ಕೂ ಬಟ್ಟೆ ಹಿಡಿಯಲಿ ಎಂದಳು.

ಲಚಮವ್ವ ಬೈದೂ ಬೈದೂ ಗಂಟಲು ಒಣಗಿಸಿಕೊಂಡಳು. ಕುಡಿಯಲು ನೀರಿರಲಿಲ್ಲ.

"ಆ ಪೆಟ್ಟಿಗಿ ಮುಟ್ಟಲೇಬ್ಯಾಡ. ಹೆರಿಗಿ ಬ್ಯಾನಿ ಸುರು ಆದಾಗಷ್ಟೇ ಮುಟ್ಟು. ಸುರು ಆತೋ, ಒಂದು ಗಳಿಗಿ ತಡಾ ಮಾಡದೆ ಬೆನ್ನಿಗಿ ಹಚ್ಚು."

ಮೂರು ದಿನ ಸಾಬಣ್ಣ ಪೆಟ್ಟಿಗೆಯ ಕಡೆ ಕಣ್ಣೂ ಹಾಯಿಸಲಿಲ್ಲ. ಲಚಮವ್ವನಿಗೆ ತುಸು ನೆಮ್ಮದಿಯಾಯಿತು. ನಾಲ್ಕನೆಯ ದಿನ ಬೆಳಗ್ಗೆ ಖಾಜಾಬಿಯ ಕೊಟ್ಟಿಗೆಯಿಂದ ಗದ್ದಲ ಕೇಳಿ ಓಡಿ ಹೋದಳು. ಖಾಜಾಬಿಯ ಎಮ್ಮೆಗೆ ಈಯುವ ಬೇನೆ ಸುರುವಾಗಿತ್ತು. ಸಾಬಣ್ಣ ಒಂದು ಗಳಿಗೆಯೂ ತಡ ಮಾಡಿರಲಿಲ್ಲ. ಎಮ್ಮೆಯ ಕೂದಲ ಬೆನ್ನಿಗೆ ಪಟ್ಟಿಗಳು ಹಿಡಿಯದಿದ್ದಾಗ ಸೆಣಬಿನ ಹುರಿಯಿಂದ ಹೊಟ್ಟೆ ಸುತ್ತ ಕಟ್ಟಿದ್ದ. ಎಮ್ಮೆ ಗುಂಡಿ ಒತ್ತಿಸಿಕೊಂಡಿತು, ಸಾಬಣ್ಣನನ್ನು ಒಮ್ಮೆ ತಿರುಗಿ ನೋಡಿತು, ಒದೆಯಿತು, ಸುಖವಾಗಿ ಈದಿತು. ಪಟ್ಟಿಗಳೆಲ್ಲ ಸೆಗಣಿ.

ಖಾಜಾಬಿಗೆ ಸಿಟ್ಟೂ ಬರಲಿಲ್ಲ. ಲಚಮವ್ವ, ಇನ್ನು ನಮ್ಮ ಎಮ್ಮೆ ದನದ ಡಾಕ್ಟರನ್ನು ಹತ್ತಿರ ಬಿಡುವುದಿಲ್ಲ, ನಿನ್ನ ಮಗನೇ ಬೇಕು ಅನ್ನುತ್ತದೆ ಎಂದಳು. ಲಚಮವ್ವನಿಗೆ ನಗು ಬರಲಿಲ್ಲ. ಸೊಸೆಯ ದಿನ ತುಂಬಿತ್ತು. ಅಂಗಳದ ಕಟ್ಟೆಯ ಮೇಲೆ ಕೂತಿದ್ದ ಮಹಾನಂದಾ ಎಲ್ಲವನ್ನೂ ನೋಡಿದ್ದಳು. ಅಂಗೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು.

ಎಸ್ತರ್ ಸಿಸ್ಟರ್ ಉಳಿದಿದ್ದ ಕಡೆಯ ನಾಲ್ಕು ಪಟ್ಟಿ ಹುಡುಕಿ ಕೊಟ್ಟಳು. ಈ ಸಲ ಸಾಬಣ್ಣನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡೇ ಹೇಳಿದಳು. ಇದು ಮಹಾನಂದಾಗೆ. ಎಮ್ಮೆಗಲ್ಲ, ಆಡಿಗಲ್ಲ, ಮಹಾನಂದಾಗೆ. ಅವಳು ಏನು ಹೇಳುತ್ತಾಳೋ ಅದನ್ನು ಮಾಡು, ಬೇರೆ ಯಾರ ಮಾತೂ ಕೇಳಬೇಡ.

ಎರಡು ದಿನಕ್ಕೆ, ಇನ್ನೂ ಒಲೆ ಹೊತ್ತಿಸದ ಮುಂಜಾನೆಯಲ್ಲಿ, ಮಹಾನಂದಾಗೆ ಬೇನೆ ಸುರುವಾಯಿತು. ಖಾಜಾಬಿಯ ಅಳಿಯನ ಟಂಟಂನಲ್ಲಿ ಪೇಟೆಗೆ ಹೋದರು. ಗೇಟಿಗೆ ಬದಲಿ ಆಳು ಬಂದಿದ್ದ. ಸಾಬಣ್ಣ ಪಟ್ಟಿಗಳನ್ನು ತೋರಿಸಿಕೊಟ್ಟ ಜಾಗಕ್ಕೇ ಅಂಟಿಸಿದ, ಮೇಲೆ ಎರಡು, ಕೆಳಗೆ ಎರಡು, ಒಂದು ಕೂದಲೆಳೆ ಆಚೀಚೆ ಇಲ್ಲ. ಲಚಮವ್ವ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಳು. ಪರದೆಯ ಸಂದಿಯಿಂದ ಮಗನ ಬೆನ್ನು ಕಾಣುತ್ತಿತ್ತು. ದೇವರೇ, ಇದೊಂದು ದಿನ ಎಂದುಕೊಂಡಳು.

ಮೊದಲ ದೊಡ್ಡ ಬೇನೆ ಬಂದಿತು. ಒಳಗೆ ಮಹಾನಂದಾ ಚೀರಿದ್ದು ಕೇಳಿಸಿತು. ತೆಗೀರಿ, ಎಲ್ಲಾ ತೆಗೀರಿ, ಹೊರಗೆ ಹೋಗಿರಿ ಎಂದು.

ಪರದೆ ಸರಿಯಿತು. ಸಾಬಣ್ಣ ಹೊರಗೆ ಬಂದ. ಒಂದು ಕೈಯಲ್ಲಿ ಯಂತ್ರ, ಪಟ್ಟಿಗಳು ಜೋತಾಡುತ್ತಿದ್ದವು. ಕಂಕುಳಲ್ಲಿ ದಿಂಬು, ಹೆಗಲ ಮೇಲೆ ಹಾಸಿಗೆಯ ಚಾದರ, ಇನ್ನೊಂದು ಕೈಯಲ್ಲಿ ನೀರಿನ ಜಗ್ಗು ಮತ್ತು ಗೋಡೆಯ ಕ್ಯಾಲೆಂಡರು.

"ಎಲ್ಲಾ ತೆಗಿ ಅಂದಳವ್ವ" ಎಂದ. "ಮಂಚ ಒಬ್ಬನ ಕೈಲೆ ಎತ್ತಾಕ ಆಗಲಿಲ್ಲ."

ಒಳಗಿನಿಂದ ಇನ್ನೊಂದು ಕೂಗು ಬಂದಿತು. ಲಚಮವ್ವನಿಗೆ ಆ ಕೂಗು ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ ಅದು ಆಕೆಯ ಗಂಟಲಿನಿಂದಲೇ ಬಂದಿತ್ತು. ಬುದ್ಧಿ ಹೇಳೋಣವೆಂದರೆ ಯಾವ ಬುದ್ಧಿ ಹೇಳುವುದು? ಹೇಳಿದ ಒಂದೊಂದು ಬುದ್ಧಿಯೂ ಹೀಗೇ ತಿರುಗಿ ಬಂದಿತ್ತು. ಮಗನ ಹೆಗಲ ಚಾದರ ಹಿಡಿದುಕೊಂಡು ಕೂತುಬಿಟ್ಟಳು.

ಬೇನೆ ಇಳಿದಿರಬೇಕು. ಒಳಗಿನಿಂದ ಸೊಸೆಯ ದನಿ ಕೇಳಿಸಿತು, ಸಣ್ಣದಾಗಿ, ನೆಟ್ಟಗೆ. ಇಲ್ಲಿ ಬನ್ನಿ ಎಂದು ಗಂಡನನ್ನು ಕರೆದಳು. ಸಾಬಣ್ಣ ಹೋದ. ಲಚಮವ್ವ ಪರದೆಯ ಅಂಚು ಹಿಡಿದು ನಿಂತಳು.

"ನಿಮ್ಮ ಗೇಟಿನಾಗ ಗಂಟಿ ಬಾರಿಸಿದ್ರ ಏನು ಮಾಡ್ತೀರಿ?"

"ಗೇಟು ಹಾಕ್ತೀನಿ."

"ಯಾರರೇ ಬಂದು ತೆಗೀರಿ ಅಂದ್ರ?"

"ಕೇಳಂಗಿಲ್ಲ."

"ನಾನೇ ಬಂದು ಅಂದ್ರ?"

ಸಾಬಣ್ಣ ಸ್ವಲ್ಪ ಯೋಚಿಸಿದ. "ನೀ ಅಂದ್ರೂ ಕೇಳಂಗಿಲ್ಲ."

"ಹಂಗಾರ ಕೇಳ್ರಿ. ನಾ ನಿಮ್ಮ ಕೈ ಗಟ್ಟಿ ಹಿಡದ್ನೆಂದ್ರ ಅದೇ ಗಂಟಿ. ಗುಂಡಿ ಒತ್ರಿ. ಕೈ ಬಿಟ್ಟೆನಂದ್ರ ಗಾಡಿ ಹೋತು, ಗುಂಡಿ ಬಿಡ್ರಿ. ನಡುವ ನಾ ಅತ್ರೂ, ಬೈದ್ರೂ, ತೆಗೀರಿ ಅಂದ್ರೂ ಕೇಳಬ್ಯಾಡ್ರಿ."

ಸಾಬಣ್ಣನ ಮುಖ ಬೆಳಗಿತು. ಇಷ್ಟೇನಾ ಎಂದ. ಇದನ್ನು ಮೊದಲೇ ಯಾಕೆ ಯಾರೂ ಹೇಳಲಿಲ್ಲ ಎಂದ. ಪಟ್ಟಿಗಳನ್ನು ಮತ್ತೆ ಅಂಟಿಸಿ, ಎಡಗೈ ಹೆಂಡತಿಗೆ ಕೊಟ್ಟು, ಬಲಗೈ ಹೆಬ್ಬೆರಳು ಗುಂಡಿಯ ಮೇಲಿಟ್ಟು ನಿಂತ.

ನಿಂತವನು ನಿಂತೇ ಇದ್ದ. ಕೈ ಬಿಗಿಯಿತು, ಒತ್ತಿದ. ಕೈ ಸಡಿಲಾಯಿತು, ಬಿಟ್ಟ. ಬಿಗಿಯಿತು, ಒತ್ತಿದ. ಸಡಿಲಾಯಿತು, ಬಿಟ್ಟ. ಡಾಕ್ಟರಮ್ಮ ಬಂದು ಪಕ್ಕಕ್ಕೆ ಸರಿಯಪ್ಪ ಎಂದರೆ ಕೇಳಲಿಲ್ಲ, ಅವರೇ ಮಂಚ ಸುತ್ತಿ ಆಚೆಯಿಂದ ಬಂದರು. ಆಯಾ ಚಹಾ ತಂದರೆ ತಿರುಗಿ ನೋಡಲಿಲ್ಲ. ಮಹಾನಂದಾ ಕಿತ್ತು ಹಾಕಿರಿ ಎಂದಳು, ಕೇಳಲಿಲ್ಲ. ಅವನನ್ನು ಬೈದಳು, ಅವನ ಅಪ್ಪನನ್ನು ಬೈದಳು, ಅವನ ಅಪ್ಪನ ಅಪ್ಪನನ್ನೂ ಬೈದಳು. ಅವರೆಲ್ಲ ಬೈಸಿಕೊಳ್ಳಬೇಕಾದವರೇ ಎಂದು ಹೊರಗೆ ಲಚಮವ್ವ ಅಂದುಕೊಂಡಳು.

ಹೊತ್ತು ಏರಿದ ಹಾಗೆ ಲಚಮವ್ವನಿಗೆ ಒಂದು ತಿಳಿಯಿತು. ಒಳಗಿನಿಂದ ಬರುತ್ತಿದ್ದದ್ದು ನರಳಿಕೆ, ಬೈಗುಳ, ಏದುಸಿರು. ಆ ಹಳೆಯ ಕೂಗು ಮಾತ್ರ ಮತ್ತೆ ಬರಲಿಲ್ಲ. ನೋವು ಒಂದು ಮೊಳ ಆಚೆಗೇ ಇತ್ತು. ಗೇಟು ಹಾಕಿತ್ತು.

ಮಧ್ಯಾಹ್ನ ಎರಡರ ಸುಮಾರಿಗೆ ಕೂಸು ಅತ್ತಿತು. ಹೆಣ್ಣು ಕೂಸು. ಲಚಮವ್ವ ಗೋಡೆಗೆ ಒರಗಿ, ಚಾದರದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮೂವತ್ತು ವರ್ಷದಿಂದ ಹೆಗಲ ಮೇಲಿದ್ದ ಕಲ್ಲೊಂದನ್ನು ಯಾರೋ ಇಳಿಸಿಕೊಂಡ ಹಾಗಿತ್ತು.

ಒಳಗೆ ಎಸ್ತರ್ ಸಿಸ್ಟರ್, ಆಯಿತಪ್ಪ, ಇನ್ನು ಗುಂಡಿ ಬಿಡು ಎನ್ನುತ್ತಿದ್ದಳು. ಮಹಾನಂದಾಳ ಕೈ ಇನ್ನೂ ಅವನ ಕೈಯಲ್ಲಿ ಬಿಗಿಯಾಗಿತ್ತು.

"ಎಂಜಿನ್ ಬಂತು" ಎಂದ ಸಾಬಣ್ಣ. "ಗಾರ್ಡಿನ ಡಬ್ಬಿ ಇನ್ನಾ ದಾಟಿಲ್ಲ."

ಎಸ್ತರ್ ಸಿಸ್ಟರ್ ನಗಲು ಹೋದವಳು ತಡೆದುಕೊಂಡಳು. ಮಾಸು ಇನ್ನೂ ಬೀಳಬೇಕಾಗಿತ್ತು. ಅದೂ ಬಿದ್ದು, ಮಹಾನಂದಾ ಕೈ ಸಡಿಲ ಬಿಟ್ಟ ಮೇಲೆಯೇ ಸಾಬಣ್ಣ ಹೆಬ್ಬೆರಳು ಎತ್ತಿದ. ಹೊರಗೆ ಬಂದು ಎಸ್ತರ್ ಸಿಸ್ಟರ್ ಲಚಮವ್ವನಿಗೆ ಹೇಳಿದಳು, ಎಷ್ಟೋ ಗಂಡಸರು ಆ ಬಾಗಿಲಲ್ಲಿ ನಿಂತಿದ್ದಾರೆ, ಕೂಸು ಬಂದ ಮೇಲೂ ಕೆಲಸ ಬಾಕಿ ಇದೆ ಎಂದವನು ಇವನೊಬ್ಬನೇ.

ಮೂರನೆಯ ದಿನ ಯಂತ್ರವನ್ನು ನೀರು ತಾಗಿಸದೇ, ಕಾಡಿಗೆಯಿಲ್ಲದೇ ಮರಳಿ ಕೊಟ್ಟರು. ಎಸ್ತರ್ ಸಿಸ್ಟರಿಗೆ ಸಂತೋಷ ತಡೆಯಲಾಗಲಿಲ್ಲ, ಕೂಸನ್ನು ಸಾಬಣ್ಣನ ಕೈಗಿಡುತ್ತ ಇನ್ನೊಂದು ಮಾತು ಹೇಳಿಬಿಟ್ಟಳು. ಇನ್ನು ಮೇಲೆ ನಿನ್ನ ಗಂಟೆ ಇದೇ ನೋಡಪ್ಪ, ಇದು ಅತ್ತಿತೆಂದರೆ ಎಲ್ಲಿದ್ದರೂ ಓಡಬೇಕು. ಲಚಮವ್ವ ಆಗ ಟಂಟಂ ಕರೆಯಲು ಹೋಗಿದ್ದಳು. ಅಲ್ಲಿದ್ದಿದ್ದರೆ ಬಾಯಿ ಮುಚ್ಚಿಸುತ್ತಿದ್ದಳು.

ಅಲ್ಲಿಂದ ಹತ್ತು ದಿನ ಸಾಬಣ್ಣನಿಗೆ ರಜೆ. ಕೂಸು ಅತ್ತರೆ ಅವನು ಬಾಗಿಲ ತನಕ ಓಡುವುದು, ಮನೆಯ ಎದುರಿಗೇ ಇದ್ದ ಗೇಟಿನಲ್ಲಿ ಬದಲಿ ಆಳನ್ನು ಕಂಡು ಸುಮ್ಮನೆ ಮರಳುವುದು. ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ಹದಿಮೂರನೆಯ ದಿನ ತೊಟ್ಟಿಲು. ಅದೇ ದಿನ ಬೆಳಗ್ಗೆ ಅವನು ಕೆಲಸಕ್ಕೆ ಹಾಜರಾದ. ಹೆಸರಿಡಬೇಕಾದವಳು ಕೂಸಿನ ಸೋದರತ್ತೆ, ಸಾಬಣ್ಣನ ತಂಗಿ. ತೊಟ್ಟಿಲನ್ನೂ ಅವಳೇ ತರಬೇಕು. ಹತ್ತಾಯಿತು, ಹನ್ನೊಂದಾಯಿತು, ತಂಗಿಯಿಲ್ಲ, ತೊಟ್ಟಿಲಿಲ್ಲ. ಹಂಚಲು ಬೇಯಿಸಿದ್ದ ಗುಗ್ಗರಿ ತಣ್ಣಗಾಯಿತು. ಕೂಸು ಒಂದೇ ಸಮನೆ ಅಳುತ್ತಿತ್ತು. ಹೊರಗೆ ಹಾರ್ನುಗಳ ಗದ್ದಲ.

ಲಚಮವ್ವ ಹೊರಗೆ ಬಂದು ನೋಡಿದಳು. ಗೇಟು ಹಾಕಿತ್ತು. ಆಚೆಗೆ ಕಲ್ಲಿನ ಲಾರಿ, ಕುರಿಯ ಹಿಂಡು, ಮ್ಯಾನೇಜರ ಜೀಪು. ಎಲ್ಲದರ ಹಿಂದೆ ಟಂಟಂನ ಮೇಲೆ ತೊಟ್ಟಿಲು ಕಟ್ಟಿಕೊಂಡು ತಂಗಿ ಕೂತಿದ್ದಳು. ಹಳಿಯ ಮೇಲೆ ಎರಡೂ ಕಡೆ ಕಣ್ಣು ಹಾಯುವವರೆಗೂ ರೈಲಿಲ್ಲ. ಸಾಬಣ್ಣ ಕೆಂಪು ಬಾವುಟ ಹಿಡಿದು ನಿಂತಿದ್ದ.

"ಗಂಟಿ ನಿಂತಿಲ್ಲವ್ವ" ಎಂದ. "ಕೇಳಸವಲ್ದೇನು?"

ಹಾರ್ನಿಗೆ ಬೆಚ್ಚಿ ಕೂಸು ಅಳುತ್ತಿತ್ತು. ಕೂಸು ಅತ್ತದ್ದಕ್ಕೆ ಗೇಟು ಹಾಕಿತ್ತು. ಗೇಟು ಹಾಕಿದ್ದಕ್ಕೆ ಹಾರ್ನು. ಲಚಮವ್ವ ಎರಡೂ ಕೈಯಿಂದ ಹಣೆ ಹಿಡಿದುಕೊಂಡಳು. ಆಚೆಯಿಂದ ಮ್ಯಾನೇಜರು ಆಗಲೇ ಕೈ ಮುಗಿದಾಗಿತ್ತು.

ಮಹಾನಂದಾ ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಹೆಗಲಿಗೆ ಹಾಕಿಕೊಂಡು, ಬಾಣಂತಿಯ ನಿಧಾನದ ಹೆಜ್ಜೆಯಲ್ಲಿ ಬಂದಳು. ಗಂಡನ ಎಡಗೈಯನ್ನು ಗಟ್ಟಿಯಾಗಿ ಹಿಡಿದಳು, ಒಂದು ಗಳಿಗೆ ಇಟ್ಟುಕೊಂಡಳು, ಬಿಟ್ಟಳು.

"ಗಾಡಿ ಹೋತು" ಎಂದ ಸಾಬಣ್ಣ, ಗೇಟು ಎತ್ತಿದ.

ಕುರಿ ಬಂದವು, ಲಾರಿ ಬಂದಿತು, ತೊಟ್ಟಿಲು ಬಂದಿತು. ಲಚಮವ್ವ ಮಗನ ಕಡೆ ತಿರುಗಿದಳು. ಇದೋ ನೋಡು ಮಗಾ, ಇನ್ನು ಮೇಲೆ ಕೂಸು ಅತ್ತರೆ ನೀನು, ಎಂದು ಸುರು ಮಾಡಿದಳು. ಸೊಸೆ ತಟ್ಟನೆ ನಾದಿನಿ ತಂದಿದ್ದ ಬುಟ್ಟಿಯಿಂದ ಒಂದು ಹಿಡಿ ಗುಗ್ಗರಿ ತೆಗೆದು ಅತ್ತೆಯ ಬಾಯಿಗೆ ತುಂಬಿದಳು.

ಲಚಮವ್ವ ಅಗಿಯುತ್ತ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಹೆಗಲ ಮೇಲೆ ನಿದ್ದೆ ಹೋಗಿದ್ದ ಮೊಮ್ಮಗಳನ್ನು ನೋಡಿದಳು. ಬಾಯಿ ಖಾಲಿಯಾಗುವ ಮೊದಲೇ ಇನ್ನೊಂದು ಹಿಡಿ ತಾನೇ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.